ಬೀರುವಿನೊಳಗೆ ಹಾಡಿದ ಅಳಿಯ

ಮೊದಲ ಸಲ ನಮ್ಮ ಮನೆಗೆ ಬಂದು ಕಾಫಿ ಲೋಟಕ್ಕೆ ಕೈಚಾಚಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅವನ ಉಗುರು. ಬಲಗೈಯ ಉಗುರುಗಳು ಉದ್ದ ಬೆಳೆದಿದ್ದವು, ತುದಿ ಉಜ್ಜಿ ನುಣ್ಣಗೆ ಮಾಡಿದ್ದ. ಎಡಗೈಯವನ್ನು ಮಾತ್ರ ಮಾಂಸಕ್ಕೆ ತಾಗುವಷ್ಟು ಕತ್ತರಿಸಿದ್ದ. ಆ ಬೆರಳುಗಳ ತುದಿ ಒಣಗಿದ ಹಲಸಿನ ಬೀಜದ ಹಾಗೆ ಗಟ್ಟಿಯಾಗಿ ಗೆರೆಗೆರೆಯಾಗಿತ್ತು. ಒಂದೇ ಮನುಷ್ಯನಿಗೆ ಎರಡು ಥರದ ಕೈ. ಸಾಗರದ ಒಂದು ಸಹಕಾರ ಸಂಘದಲ್ಲಿ ಬಂಗಾರದ ಸಾಲದ ಕೌಂಟರಿನಲ್ಲಿ ಕೂತು ನೌಕರಿ ಮುಗಿಸಿದವಳು ನಾನು. ಅಡವಿಡಲು ಬಂದವರ ಮುಖಕ್ಕಿಂತ ಮೊದಲು ಕೈ ನೋಡುವುದು ನನಗೆ ರೂಢಿಯಾಗಿಹೋಗಿದೆ. ಈ ಹುಡುಗನಲ್ಲಿ ಏನೋ ಸರಿಯಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಅವನನ್ನು ಕರೆದುಕೊಂಡು ಬಂದವಳು ನನ್ನ ಒಬ್ಬಳೇ ಮಗಳು. ಹೊಸನಗರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಅವನು ಅದೇ ಶಾಲೆಗೆ ವಾರದಲ್ಲಿ ಎರಡು ದಿನ ಬಂದು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದ. ಮೂಲ ತೀರ್ಥಹಳ್ಳಿ. ಕ್ರೈಸ್ತರ ಮನೆಯವನು.

"ಉಳಿದ ದಿನ ಎಂತ ಮಾಡ್ತೀರಿ?" ಎಂದು ಕೇಳಿದೆ.

"ಹಾಡು ಬರೀತೀನಿ," ಎಂದ.

"ಯಾರ ಹಾಡು?"

"ನಂದೇ. ನಾನೇ ಬರ್ದು, ರಾಗ ಹಾಕಿ ಹಾಡ್ತೀನಿ. ಚರ್ಚಲ್ಲಿ, ಸಭೆಗಳಲ್ಲಿ. ಎಲ್ಲಾ ದೇವ್ರ ಹಾಡೇ. ಯೂಟ್ಯೂಬಲ್ಲೂ ಇದಾವೆ."

"ಅದ್ರಲ್ಲಿ ಹೊಟ್ಟೆ ತುಂಬುತ್ತಾ?"

ಅವನು ಮಗಳ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಅರ್ಧ ತುಂಬುತ್ತೆ," ಎಂದ.

ಉತ್ತರ ನಿಜವಾಗಿತ್ತು. ಅದಕ್ಕೇ ನನ್ನ ಅನುಮಾನ ಇನ್ನಷ್ಟು ಬಲವಾಯಿತು. ಗಿಲೀಟಿನ ಬಳೆ ತರುವವರು ಮೊದಲು ಒಂದು ಅಪ್ಪಟ ಬಂಗಾರದ ಉಂಗುರ ಮುಂದಿಟ್ಟು ನಂಬಿಸುತ್ತಾರೆ.

ನಮ್ಮನೆಯವರು ಜೋಗದ ಪವರ್‌ಹೌಸಿನಲ್ಲಿ ಆಪರೇಟರಾಗಿದ್ದವರು. ಬಹಳ ವರ್ಷ ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದು, ನಿವೃತ್ತಿಯ ಹೊತ್ತಿಗೆ ಸಾಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದೆವು. ಯಂತ್ರದ ಸದ್ದಿನ ನಡುವೆ ದುಡಿದದ್ದಕ್ಕೋ ಏನೋ ಅವರಿಗೆ ಮಾತು ಕಡಿಮೆ. ಅವತ್ತು ಅವರು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಹಬ್ಬಕ್ಕೆ ಅವಳನ್ನ ಕಳಿಸ್ತೀರಾ?"

"ಅವಳು ಬರ್ತಾಳೆ," ಎಂದ ಅವನು. "ನನ್ನೂ ಕರೀತೀರಾ?"

ನಮ್ಮನೆಯವರು ಎದ್ದು ಒಳಗೆ ಹೋದರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅವರ ಕಡೆಯ ಶಾಸ್ತ್ರವೂ ಇಲ್ಲ, ನಮ್ಮ ಕಡೆಯದೂ ಇಲ್ಲ. ಮಗಳು ಮತ ಬದಲಾಯಿಸುವುದಿಲ್ಲವೆಂದು ಇಬ್ಬರೂ ಹೇಳಿದರು. ಮದುವೆಗೆ ಮುಂಚೆ ಎಲ್ಲರೂ ಹೀಗೇ ಹೇಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಮನೆಗೆ ಬಂದಾಗಲೆಲ್ಲ ಮೊದಲು ಹಣೆ ನೋಡುತ್ತಿದ್ದೆ, ಆಮೇಲೆ ಕೊರಳು. ಕುಂಕುಮದ ಬೊಟ್ಟು ಸಣ್ಣದಾಗಿದ್ದರೆ ಯಾಕೆಂದು ಕೇಳುತ್ತಿದ್ದೆ. "ಸ್ಕೂಲಿಗೆ ಇಷ್ಟು ಸಾಕಮ್ಮ" ಎನ್ನುತ್ತಿದ್ದಳು. ನಮ್ಮನೆಯವರಂತೂ ಅಳಿಯನ ಜೊತೆ ನೇರವಾಗಿ ಮಾತೇ ಆಡಲಿಲ್ಲ. ಅವನು ಬಂದರೆ ಪೇಪರು ಎತ್ತಿಕೊಳ್ಳುತ್ತಿದ್ದರು. ಅವನು "ಮಾವ, ಹೋಗಿ ಬರ್ತೀನಿ" ಎಂದರೆ ಪೇಪರಿನ ಹಿಂದಿನಿಂದ "ಹೂಂ" ಎಂದು ಬರುತ್ತಿತ್ತು.

ಅವನ ಹಾಡು ಹುಟ್ಟುವ ರೀತಿಯೂ ನಂಬಿಕೆ ತರುವಂಥದ್ದಲ್ಲ. ಸಂಗೀತದವರೆಂದರೆ ಬೆಳಿಗ್ಗೆ ಚಾಪೆ ಹಾಸಿ ಶ್ರುತಿ ಹಿಡಿದು ಕೂರುತ್ತಾರೆಂದು ತಿಳಿದಿದ್ದವಳು ನಾನು. ಇವನು ಊಟದ ನಡುವೆ ಕೈ ನಿಲ್ಲಿಸಿ ಗೋಡೆ ನೋಡುತ್ತಿದ್ದ. ಮಾತಾಡುತ್ತಿದ್ದವನು "ಒಂದ್ನಿಮಿಷ" ಎಂದು ಹಿತ್ತಲಿಗೆ ಹೋಗಿ ಬಾಯಿಗೆ ಫೋನು ಹಿಡಿದು ನಿಲ್ಲುತ್ತಿದ್ದ. ಯಾರಿಗೋ ಗುಟ್ಟಿನ ಫೋನು ಎಂದು ನಾನು ಕಿಟಕಿಯ ಸಂದಿಯಲ್ಲಿ ಕಿವಿಗೊಟ್ಟು ಕೇಳಿದ್ದೇನೆ. ಪದವೇ ಇಲ್ಲ, ಬರೀ ತನನ. ಹೊಳೆದ ರಾಗ ಮರೆಯದ ಹಾಗೆ ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳುತ್ತಿದ್ದನಂತೆ. ಒಮ್ಮೆ ಗಂಡಹೆಂಡತಿ ಬೈಕಿನಲ್ಲಿ ಕುಂದಾಪುರಕ್ಕೆ ಹೊರಟಾಗ ಹುಲಿಕಲ್ ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ರಾಗ ಬಂತೆಂದು ಹೆಲ್ಮೆಟ್ಟನ್ನೂ ತೆಗೆಯದೆ ಹಾಡಿಕೊಳ್ಳುತ್ತಾ ಕೂತನಂತೆ. ಮಗಳು ಅಷ್ಟು ಹೊತ್ತೂ ತಿಂಡಿಯ ಚೀಲವನ್ನು ಮಂಗಗಳಿಂದ ಕಾಯುತ್ತಾ ನಿಂತಿದ್ದಳಂತೆ. ಇದನ್ನು ಅವಳು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಅವನ ತಂದೆಗೆ ತೀರ್ಥಹಳ್ಳಿಯಲ್ಲಿ ಮರಗೆಲಸದ ಅಂಗಡಿ. ಮಗ ಐಟಿಐ ಮುಗಿಸಿ ಅಂಗಡಿಗೆ ಬರಲಿ ಎಂದು ಅವರ ಆಸೆ. ಇವನು ಮದುವೆಮನೆಗಳ ಆರ್ಕೆಸ್ಟ್ರಾ ಸೇರಿ ಸಿನಿಮಾ ಹಾಡು ಹಾಡಿಕೊಂಡು ತಿರುಗಿದ. ಅದೂ ಸಾಕಾಯಿತು. "ಅಷ್ಟು ಹಾಡ್ತಿದ್ದೆ ಅತ್ತೆ, ಒಂದ್ರಲ್ಲೂ ನನ್ನ ಮಾತೇ ಇರ್ಲಿಲ್ಲ" ಎಂದು ಒಮ್ಮೆ ಹೇಳಿದ್ದ. ಚರ್ಚಿನ ಹಳೆಯ ಕೀರ್ತನೆಗಳ ಮೇಲೆ ಅವನಿಗೆ ಗೌರವವಿತ್ತು, ಆದರೆ ಅವುಗಳಲ್ಲಿ ದೇವರು ಪುಸ್ತಕದ ಭಾಷೆ ಆಡುತ್ತಾನೆಂದು ದೂರುತ್ತಿದ್ದ. ತೀರ್ಥಹಳ್ಳಿ ಸಂತೆಯಲ್ಲಿ ಜನ ಮಾತಾಡುವ ಹಾಗೆ ದೇವರೂ ಮಾತಾಡಿದರೆ ಹೇಗಿರುತ್ತದೆ ಎಂದು ನೋಡುವುದು ಅವನ ಆಸೆ. ಸಾಲು ಸರಿಹೋಗದಿದ್ದರೆ "ಇದಿನ್ನೂ ಅಂಬೆಗಾಲಲ್ಲಿದೆ" ಎನ್ನುತ್ತಿದ್ದ. ಮೂವತ್ತು ದಾಟಿದ ಗಂಡಸು ಹೀಗೆ ಮಾತಾಡುವುದು ನನಗೆ ಸರಿಕಾಣುತ್ತಿರಲಿಲ್ಲ.

ಮದುವೆಯ ಮರುವರ್ಷದ ಗೌರಿ ಹಬ್ಬಕ್ಕೆ ಇಬ್ಬರೂ ಬಂದಿದ್ದರು. ಮಗಳು ಪೂಜೆಗೆ ಉಡಲು ನನ್ನ ಬೀರುವಿನಿಂದ ಒಂದು ಸೀರೆ ತೆಗೆದುಕೊಂಡು ಸ್ನಾನಕ್ಕೆ ಹೋದಳು. ನಾನು ಹೂ ಕೊಯ್ದುಕೊಂಡು ಒಳಗೆ ಬಂದರೆ ನಮ್ಮ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಒಳಗಿನಿಂದ ಪಿಸುಪಿಸು ಸದ್ದು. ಮೆಲ್ಲಗೆ ತಳ್ಳಿ ನೋಡಿದೆ. ಬೀರುವಿನ ಎರಡೂ ಬಾಗಿಲು ತೆರೆದಿದ್ದವು. ಅವುಗಳ ನಡುವೆ ನನ್ನ ಅಳಿಯ, ತಲೆಯನ್ನು ಸೀರೆಗಳ ಒಳಗೆ ತೂರಿಸಿಕೊಂಡು ನಿಂತಿದ್ದ. ನನ್ನ ಒಡವೆಯ ಪೆಟ್ಟಿಗೆ ಇರುವುದು ಅದೇ ಸೀರೆಗಳ ಹಿಂದೆ.

"ಎಂತ ಹುಡುಕ್ತಿದೀರಿ?" ಎಂದೆ. ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು.

ಅವನು ಹೊರಗೆ ತಲೆ ತೆಗೆದ. ಕೈಯಲ್ಲಿ ಫೋನು, ತಲೆಯ ಮೇಲೆ ಸೀರೆಯ ಸೆರಗೊಂದು. "ಹಾಡ್ತಿದ್ದೆ ಅತ್ತೆ," ಎಂದ. "ಕೋಣೇಲಿ ಹಾಡಿದ್ರೆ ಗೋಡೆಗೆ ಬಡ್ದು ದನಿ ವಾಪಸ್ ಬರುತ್ತೆ. ಬಟ್ಟೆ ಮಧ್ಯೆ ಆದ್ರೆ ಬರಲ್ಲ. ಹೊಸನಗರದ ಮನೇಲಿ ನಮ್ಮ ಬಟ್ಟೆ ಕಡ್ಮೆ. ನಿಮ್ಮ ರೇಷ್ಮೆ ಸೀರೆ ಮಧ್ಯೆ ದನಿ ಎಷ್ಟ್ ಚೆನ್ನಾಗ್ ಬಂತು ಗೊತ್ತಾ!"

ಅವನು ಹೊರಗೆ ಹೋದ ಮೇಲೆ ನಾನು ಪೆಟ್ಟಿಗೆ ತೆಗೆದು ಬಳೆ, ಸರ, ಓಲೆ ಎಲ್ಲವನ್ನೂ ನೋಡಿದೆ. ಎಲ್ಲವೂ ಇದ್ದವು. ಆದರೂ ಬೀರುವಿನ ಬೀಗದ ಕೈ ಅಂದಿನಿಂದ ನನ್ನ ಸೊಂಟ ಸೇರಿತು. ಸ್ವಲ್ಪ ದಿನಗಳ ಮೇಲೆ ಮಗಳು ಫೋನಿನಲ್ಲಿ ಆ ಹಾಡು ಕೇಳಿಸಿದಳು. ಬಹಳ ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ ಯಾರೋ ಹೇಳಿದ ಹಾಗಿತ್ತು. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ.

ಅಳಿಯನಿಗೆ ಬಹುವಚನ ಹಾಕುವುದು ನಮ್ಮಲ್ಲಿ ರೂಢಿ. ನನಗೆ ಅದು ಮರ್ಯಾದೆಗಿಂತ ಹೆಚ್ಚಾಗಿ ಬೇಲಿಯ ಹಾಗೆ ಒದಗುತ್ತಿತ್ತು. ಆ ಬೇಲಿ ಮುರಿದದ್ದು ಸಾಗರದಲ್ಲಿ ಅವರ ಚರ್ಚಿನದೊಂದು ಸಂಜೆಯ ಸಭೆ ನಡೆದಾಗ. ಅಲ್ಲಿ ಮಗಳು ಏನು ಮಾಡುತ್ತಾಳೆಂದು ಕಣ್ಣಾರೆ ನೋಡಬೇಕಿತ್ತು. ಮನೆಯಲ್ಲಿ ತರಕಾರಿಗೆಂದು ಹೇಳಿ ಹೋಗಿ, ತಲೆಗೆ ಸೆರಗು ಹೊದ್ದು ಕೊನೆಯ ಸಾಲಿನಲ್ಲಿ ಕೂತೆ. ಮಗಳು ಪಕ್ಕದ ಗೋಡೆಗೊರಗಿ ಸುಮ್ಮನೆ ನಿಂತಿದ್ದಳು. ಮೊಣಕಾಲೂರಲಿಲ್ಲ, ಕೈ ಎತ್ತಲಿಲ್ಲ. ಸಮಾಧಾನವಾಯಿತು. ಇನ್ನೇನು ಏಳಬೇಕು, ಅಳಿಯ ಗಿಟಾರು ಹಿಡಿದು ಬಂದ. ಹಸಿದು ಬಂದವನನ್ನು ದೇವರು ಎಲೆ ಹಾಕಿ ಕೂರಿಸುತ್ತಾನೆ ಎನ್ನುವ ಹಾಡು. ಉಂಡವನು ನಾಚಿಕೆಯಿಂದ ಅರ್ಧಕ್ಕೇ ಏಳಲು ಹೋಗುತ್ತಾನೆ. ಆಗ ದೇವರು ಹೇಳುತ್ತಾನೆ: "ಏಳ್ಬ್ಯಾಡ ತಡಿ, ಇನ್ನೂ ಇದೆ."

ಅದು ನನ್ನ ಮಾತು. ನಮ್ಮ ಮನೆಯಲ್ಲಿ ಯಾರೇ ಉಣ್ಣಲು ಕೂತರೂ, ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದಾಗ, ಪಾತ್ರೆ ಹಿಡಿದುಕೊಂಡು ನಾನು ಹೇಳುವ ಮಾತು. ಅಕ್ಷರ ಆಚೀಚೆ ಇಲ್ಲ. ರಾಗ ಕೂಡ ನಾನು ಎಳೆಯುವ ರೀತಿಯಲ್ಲೇ ಇತ್ತು. ಸಭೆಯಲ್ಲಿದ್ದವರೆಲ್ಲ ಅದನ್ನು ಮತ್ತೆ ಮತ್ತೆ ಹಾಡಿದರು. ಕೆಲವರು ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಅವರು ಮನೆಗೆ ಬಂದಾಗ ಅವನು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ನನ್ನ ಮಾತು ತಗೊಂಡ್ಹೋಗಿ ನಿಮ್ಮ ದೇವ್ರ ಬಾಯಿಗೆ ಎಂತಕ್ಕೆ ಹಾಕ್ದೆ? ಯಾರನ್ನ ಕೇಳಿ ಹಾಕ್ದೆ?"

ಏಕವಚನ ತಾನಾಗಿ ಬಂದುಬಿಟ್ಟಿತ್ತು. ನಾನು ಸಭೆಗೆ ಬಂದಿದ್ದೆನೆಂಬುದು ಅವನಿಗೆ ಆಗಲೇ ಗೊತ್ತಾದದ್ದು. ಮುಖ ಕೆಂಪಾಯಿತು.

"ಕೇಳ್ಬೇಕಿತ್ತು, ತಪ್ಪಾಯ್ತು ಅತ್ತೆ," ಎಂದ. "ಆದ್ರೆ ದೇವರು ಮಾತಾಡಿದ್ರೆ ಹಂಗೇ ಮಾತಾಡ್ತಾನೆ ಅಂತ ನಂಗೆ ಅನ್ನಿಸ್ತು."

ಇನ್ನು ಇವನೆದುರು ಬಾಯಿಯೇ ಬಿಡಬಾರದೆಂದು ನಿಶ್ಚಯಿಸಿದೆ. ಅವತ್ತು ಬಡಿಸಿ ಸುಮ್ಮನೆ ನಿಂತೆ. ಯಾರೂ ತಡೆಯದ್ದರಿಂದ ಅವನು ಬೇಗ ಎದ್ದ. ಮುಂದಿನ ಸಲವೂ ಹಾಗೇ ಆಯಿತು. ಅದರ ಮುಂದಿನ ಸಲ ಅವನು ಸೊರಗಿದ ಹಾಗೆ ಕಂಡ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಏಳ್ಬ್ಯಾಡ ತಡಿ" ಎಂದುಬಿಟ್ಟೆ. ಅವನು ತಲೆ ಎತ್ತದೆ ಎಲೆ ಮುಂದೆ ಮಾಡಿದ. ಏಕವಚನ ಮಾತ್ರ ಹಾಗೇ ಉಳಿಯಿತು.

ಅವನು ಸೊರಗಿದ್ದಕ್ಕೆ ಕಾರಣ ನನಗೆ ತಡವಾಗಿ ತಿಳಿಯಿತು. ಅವರ ಕಡೆಯಲ್ಲೂ ನನ್ನಂಥವರಿದ್ದರು. ಹೆಂಡತಿ ಹಣೆಗೆ ಕುಂಕುಮ ಇಟ್ಟುಕೊಂಡು ಗೋಡೆಗೊರಗಿ ನಿಲ್ಲುತ್ತಾಳೆ, ಇವನ ಭಕ್ತಿ ಎಷ್ಟರದು ಎಂದು ಹಿರಿಯರೊಬ್ಬರು ಕೇಳಿದ್ದರಂತೆ. ಅವನು ವರ್ಷವೂ ಹಾಡುತ್ತಿದ್ದ ದೊಡ್ಡದೊಂದು ಕೂಟದಿಂದ ಅವನನ್ನು ಕೈಬಿಟ್ಟಿದ್ದರು. ಅವನ ಅರ್ಧ ಹೊಟ್ಟೆ ತುಂಬುತ್ತಿದ್ದುದೇ ಅಂಥ ಕೂಟಗಳಿಂದ. ಇದನ್ನು ಅವನು ಮಗಳಿಗೂ ಹೇಳಿರಲಿಲ್ಲ, ಅವಳಿಗೆ ಬೇರೆಯವರಿಂದ ಗೊತ್ತಾಯಿತು. ಅವಳು ಅಳುತ್ತಾ ನನಗೆ ಹೇಳಿದಾಗ ನನಗೆ ಮೊದಲು ಬಂದ ಯೋಚನೆ, ಇನ್ನು ಇವನು ಅವಳನ್ನು ಒತ್ತಾಯಿಸುತ್ತಾನೆ ಎಂದು. ಕಾದೆ. ಅವಳ ಹಣೆ ನೋಡುತ್ತಲೇ ಇದ್ದೆ. ಬೊಟ್ಟು ಸಣ್ಣದಾಗಲಿಲ್ಲ.

ಅಷ್ಟರಲ್ಲಿ ನಮ್ಮನೆಯವರಿಗೆ ಪಾರ್ಶ್ವವಾಯು ಬಡಿಯಿತು. ಜಗಲಿಯಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದವರು ಹಾಗೇ ವಾಲಿದರು. ಸಾಗರದಲ್ಲಿ ತೋರಿಸಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು, ಮಾತು ಹೋಯಿತು. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಉಳಿದದ್ದು "ಅದು" ಎನ್ನುವ ಒಂದೇ ಪದ. ಬಾಯಾರಿದರೂ ಅದು, ನೋವಾದರೂ ಅದು, ಸಿಟ್ಟು ಬಂದರೂ ಅದು. ನಾನು ನೀರು ಕೊಟ್ಟರೆ ತಳ್ಳುತ್ತಿದ್ದರು, ದಿಂಬು ಸರಿಮಾಡಿದರೆ ತಲೆ ಅಲ್ಲಾಡಿಸುತ್ತಿದ್ದರು. ಕೊನೆಗೆ ಇಬ್ಬರೂ ಅಳುತ್ತಿದ್ದೆವು.

ಶಿವಮೊಗ್ಗದಲ್ಲಿ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳು ಕೆಲವು ಅಭ್ಯಾಸ ಹೇಳಿಕೊಟ್ಟಳು. "ಮಾತಿನ ದಾರಿ ಮುಚ್ಚಿದ್ರೂ ಕೆಲವ್ರಿಗೆ ಹಾಡಿನ ದಾರಿ ತೆರೆದಿರುತ್ತೆ. ಚಿಕ್ಕಂದಿನ ಹಾಡು ಹಾಡ್ಸಿ ನೋಡಿ. ಬಂದ್ರೆ, ಅದೇ ಥರ ರಾಗದಲ್ಲಿ ಸಣ್ಣಸಣ್ಣ ಮಾತು ಕಲಿಸ್ಬೋದು. ದಿನಾ ಕೂತು ಕಲಿಸೋರು ಬೇಕು" ಎಂದಳು. ಮಗಳು ಅಳಿಯನ ಮುಖ ನೋಡಿದಳು.

ಮರುದಿನ ಅವನು ಗಿಟಾರು ತಂದು ಮಂಚದ ಪಕ್ಕ ಕೂತ. ಹಳೆಯ ಸಿನಿಮಾ ಹಾಡು ನುಡಿಸಿದ. ನಮ್ಮನೆಯವರು ಮುಖ ತಿರುಗಿಸಿದರು.

"ಮಾವ ಹುಡುಗ್ರಾಗಿದ್ದಾಗ ಎಂತ ಹಾಡ್ತಿದ್ರು ಅತ್ತೆ?"

"ಅಂಟಿಗೆ-ಪಂಟಿಗೆಗೆ ಹೋಗ್ತಿದ್ರು," ಎಂದೆ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ತಂಡ. ಇವರು ಅದರಲ್ಲಿ ಮೇಳದ ದನಿಯಾಗಿದ್ದರಂತೆ.

"ಕೇಳಿದೀನಿ, ಪೂರ್ತಿ ಬರಲ್ಲ. ನೀವು ಒಂದ್ಸಲ ಎತ್ಕೊಡಿ."

ನಾನು ಹಾಡುವವಳಲ್ಲ. ಮಗಳಿಗೆ ಜೋಗುಳವನ್ನೂ ಸರಿಯಾಗಿ ಹಾಡಿದವಳಲ್ಲ. ಆದರೂ ಬಾಗಿಲ ಪಕ್ಕ ನಿಂತು, ತವರಿನ ಜಗಲಿಯಲ್ಲಿ ಕೇಳಿದ್ದ ಒಂದು ಸಾಲನ್ನು ಹೇಗೋ ಗುನುಗಿದೆ. ಅವನು ತಂತಿಯಲ್ಲಿ ಅದನ್ನು ಹಿಡಿದುಕೊಂಡ. ಎರಡನೇ ಸುತ್ತಿಗೆ ನಮ್ಮನೆಯವರ ತುಟಿ ಅಲುಗಿತು. ಮೂರನೆಯದಕ್ಕೆ ಪದಗಳು ಬಂದವು. ಸೊಟ್ಟ ಬಾಯಿಯಿಂದ, ಆದರೆ ಇಡೀ ಸಾಲು, ಒಂದು ಅಕ್ಷರ ಬಿಡದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಹಾಡು ಮುಗಿದದ್ದೇ ಅವರು ಅಳಿಯನನ್ನು ನೋಡಿ ಏನೋ ಹೇಳಲು ಹೋದರು. "ಅದು" ಎಂದಷ್ಟೇ ಬಂತು.

ಆಮೇಲೆ ಅವನು ಬಸ್ಸು ಹಿಡಿದು ಹೊಸನಗರದಿಂದ ಬರತೊಡಗಿದ, ಶಾಲೆಯಿಲ್ಲದ ದಿನಗಳೆಲ್ಲ. ಮಾವನ ಎಡ ಅಂಗೈ ತನ್ನ ಕೈಯಲ್ಲಿಟ್ಟುಕೊಂಡು ಒಂದೊಂದು ಅಕ್ಷರಕ್ಕೂ ತಟ್ಟುತ್ತಾ "ನೀ-ರು ಬೇ-ಕು" ಎಂದು ಹಾಡುತ್ತಿದ್ದ. ಕಾಫಿಗೊಂದು ರಾಗ, ಫ್ಯಾನಿಗೊಂದು, ಬಚ್ಚಲಿಗೊಂದು, ಸಾಕು ಎನ್ನುವುದಕ್ಕೊಂದು. ಎರಡು-ಮೂರು ಸ್ವರದ ಹಾಡುಗಳು. ಅಷ್ಟು ದೊಡ್ಡ ಗಂಡಸರಿಬ್ಬರು ಕೈಕೈ ಹಿಡಿದು ಬೆಳಗೆಲ್ಲ "ಫ್ಯಾನು ಹಾಕು" ಎಂದು ಹಾಡುವುದನ್ನು ನಾನು ಅಡಿಗೆಮನೆಯಿಂದ ಕೇಳುತ್ತಿದ್ದೆ. ಒಂದೇ ಪದ ಬರಲು ವಾರಗಟ್ಟಲೆ ಹಿಡಿಯಿತು. ಅವನ ದನಿ ಒಮ್ಮೆಯೂ ಏರಲಿಲ್ಲ.

ಇದರಿಂದ ಅವನಿಗೇನು ಲಾಭ? ನನ್ನ ತಮ್ಮ ಬಂದವನು ಅಂಗಳದಲ್ಲೇ ನಿಲ್ಲಿಸಿ ಹೇಳಿದ: "ಅಕ್ಕಾ, ಹುಷಾರು. ಭಾವನ ಹತ್ರ ಮನೆ ಬರೆಸ್ಕೊಳ್ಳಕ್ಕೆ ನೋಡ್ತಿದಾನೆ." ನನಗೂ ಅದು ಹೊಳೆದಿತ್ತು. ಮನೆಪತ್ರವನ್ನು ಬೀರುವಿನಿಂದ ತೆಗೆದು ಅಕ್ಕಿ ಡಬ್ಬಿಯ ತಳಕ್ಕೆ ಸೇರಿಸಿದೆ. ಒಂದು ದಿನ ಕೋಣೆಯಲ್ಲಿ ಹಾಡು ನಿಂತಿತ್ತು. ಇಣುಕಿದರೆ ನಮ್ಮನೆಯವರು ನಿದ್ದೆ ಹೋಗಿದ್ದರು, ಅವನು ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡು ಕೂತಿದ್ದ.

"ಎಂತ ಮಾಡ್ತಿದೀಯಾ?"

"ಪ್ರಾರ್ಥನೆ," ಎಂದ. "ಬಾಯಿಬಿಟ್ಟು ಮಾಡಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಒಳಗೇ ಮಾಡ್ದೆ."

ಸುಳ್ಳು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಒಳಗೇ ಮಾಡುವುದನ್ನು ತಡೆಯುವುದು ಹೇಗೆ? ಗೂಡಿನಲ್ಲಿದ್ದ ನಮ್ಮ ದೇವರಿಗೆ ಅವತ್ತು ಎರಡು ದೀಪ ಹೆಚ್ಚು ಹಚ್ಚಿದೆ.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಅನುಮಾನಕ್ಕೆ ಗಟ್ಟಿ ಸಾಕ್ಷಿಯೇ ಸಿಕ್ಕಿತು. ಇವನ ಹಾಡುಗಳಲ್ಲಿ ಏನೇನಿದೆಯೆಂದು ನೋಡೋಣವೆಂದು ಯೂಟ್ಯೂಬು ಹಾಕಿ ಕೂತಿದ್ದೆ. ಒಂದು ಹಳೆಯ ಹಾಡು ಶುರುವಾಗಿತ್ತಷ್ಟೇ, ಒಳಗಿನ ಮಂಚದಿಂದ ನಮ್ಮನೆಯವರು ದನಿ ಸೇರಿಸಿದರು: "ನೀರು ಬೇಕು." ಅದೇ ರಾಗ! ಯೇಸುವಿನ ಹಾಡಿನ ಪಲ್ಲವಿಯನ್ನೇ ತಂದು ಮಾವನ ಬಾಯಿಗೆ ಕೂರಿಸಿದ್ದ.

ಅವನು ಬಂದ ಕೂಡಲೆ ಫೋನು ಮುಂದಿಟ್ಟೆ. "ಇದೆಂತದು? ಗೊತ್ತಿಲ್ದೆ ಇರೋ ಮನುಷ್ಯನ ಬಾಯಲ್ಲಿ ನಿಮ್ಮ ಪ್ರಾರ್ಥನೆ ಹೇಳಿಸ್ತಿದೀಯಾ?"

ಅವನು ಕೇಳಿ, ಯೋಚಿಸಿ, ತಲೆಯಾಡಿಸಿದ. "ಹೌದು ಅತ್ತೆ, ಅದೇ ರಾಗ. ಅವತ್ತು ಅವ್ರಿಗೆ ಬಾಯಾರಿಕೆ ಆಗಿತ್ತು, ಬೇರೆ ಹೊಳೀಲಿಲ್ಲ. ಬೇಕು ಅಂತ ಮಾಡಿದ್ದಲ್ಲ. ಇವತ್ತೇ ಬದಲಾಯಿಸ್ತೀನಿ."

ಬದಲಾಯಿಸಲು ಪ್ರಯತ್ನಪಟ್ಟ ಕೂಡ. ಹೊಸ ರಾಗ ಹಾಕಿ ಅಂಗೈ ತಟ್ಟಿದ. ನಮ್ಮನೆಯವರು ಸ್ವಲ್ಪ ಹೊತ್ತು ಕೇಳಿ, ಕೈ ಕಿತ್ತುಕೊಂಡು, ಹಳೆಯ ರಾಗದಲ್ಲೇ ಜೋರಾಗಿ "ನೀರು ಬೇಕು" ಎಂದರು. ಇನ್ನೊಂದು ರಾಗ ಹಾಕಿದ. ಅದೂ ಬೇಡವಾಯಿತು. ಪವರ್‌ಹೌಸಿನಲ್ಲಿ ಮೇಲಧಿಕಾರಿಗಳಿಗೂ ಜಗ್ಗದ ಮನುಷ್ಯ. ಕೊನೆಗೆ ಅಳಿಯ ನನ್ನ ಕಡೆ ನೋಡಿದ. ನಾನು ಲೋಟ ತಂದು ಕೊಟ್ಟೆ. ಅವರು ಬದುಕಿರುವ ತನಕ ನಮ್ಮ ಮನೆಯಲ್ಲಿ ನೀರನ್ನು ಅದೇ ರಾಗದಲ್ಲಿ ಕೇಳಿದರು, ನಾನೂ ಅದೇ ರಾಗಕ್ಕೆ ತಂದುಕೊಟ್ಟೆ.

ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯ ದಿನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ನಮ್ಮನೆಯವರು ನನ್ನ ಹೆಸರು ಗೊಣಗಿದ್ದೇ ಮೊದಲು, ಅದೇ ಕೊನೆ. "ಏಯ್", "ಕೇಳ್ತಾ", "ಎಲ್ಲಿ ಹೋದೆ" ಇಷ್ಟರಲ್ಲೇ ಸಂಸಾರ ನಡೆದಿತ್ತು. ಒಂದು ಬೆಳಿಗ್ಗೆ ನಾನು ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಯಾರೋ ನನ್ನ ಹೆಸರು ಹಾಡಿದರು. ಮೂರಕ್ಷರದ ಹೆಸರು. ನಡುವಿನದನ್ನು ಸ್ವಲ್ಪ ಮೇಲೆತ್ತಿ, ಕೊನೆಯದನ್ನು ಮೆಲ್ಲಗೆ ಕೆಳಗಿಳಿಸಿ. ಅಳಿಯನದೇ ಚೇಷ್ಟೆ, ಸಲಿಗೆ ಅತಿಯಾಯಿತು ಎಂದು ಕೈಯಲ್ಲಿದ್ದ ಬಟ್ಟೆ ಎಸೆದು ಎದ್ದೆ. ತಿರುಗಿದರೆ ಅಳಿಯ ನಲ್ಲಿಯ ಹತ್ತಿರವೇ ಕೊಡಪಾನ ತುಂಬಿಸುತ್ತಾ ನಿಂತಿದ್ದ.

"ಮಾವ ಕರೀತಿದಾರೆ," ಎಂದ ಮೆಲ್ಲಗೆ.

ಒದ್ದೆ ಕೈಯಲ್ಲೇ ಒಳಗೆ ಹೋದೆ. "ಎಂತ?" ಎಂದೆ. ಅವರಿಗೇನೂ ಬೇಕಿರಲಿಲ್ಲ. ನನ್ನನ್ನೇ ನೋಡುತ್ತಾ ಇನ್ನೊಂದು ಸಲ ಕರೆದರು. ಮತ್ತೊಂದು ಸಲ. ನಾನು ಮಂಚದ ಅಂಚಿನಲ್ಲಿ ಕೂತು "ಹಾಂ", "ಹಾಂ" ಎನ್ನುತ್ತಿದ್ದೆ. ಅಳಿಯ ಕೊಡಪಾನವನ್ನು ಹೊರಗೇ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಅವತ್ತು ಊಟಕ್ಕೂ ನಿಲ್ಲದೆ ಹೊರಟುಬಿಟ್ಟ.

ಆ ಮೇಲೆ ಸುಮಾರು ಒಂದು ವರ್ಷ ನಾನು ನನ್ನ ಹೆಸರನ್ನು ಕೇಳಿದೆ. ಮತ್ತೆ ಪಾರ್ಶ್ವವಾಯು ಬಡಿದಾಗ ನಮ್ಮನೆಯವರು ಶಿವಮೊಗ್ಗ ಮುಟ್ಟಲಿಲ್ಲ. ಸುಡುಗಾಡಿನಲ್ಲಿ ಎಲ್ಲರ ಕಣ್ಣೂ ಅಳಿಯನ ಮೇಲಿತ್ತಂತೆ, ಎಲ್ಲಿ ಇವನು ತನ್ನ ಪ್ರಾರ್ಥನೆ ಶುರುಮಾಡುತ್ತಾನೋ ಎಂದು. ನನ್ನ ತಮ್ಮ ಅವನ ಪಕ್ಕದಲ್ಲೇ ನಿಂತಿದ್ದ. ಅಳಿಯ ಹೆಗಲು ಕೊಟ್ಟ, ಸೌದೆ ಹೊತ್ತ, ತುಟಿ ಬಿಚ್ಚಲಿಲ್ಲ. ತಮ್ಮ ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಅಕ್ಕಾ, ಅವ ನಮಗಿಂತ ಜಾಸ್ತಿ ಅತ್ತ."

ವರ್ಷಾಂತಿಕ ಕಳೆದ ಮೇಲೆ ಒಂದು ಮಧ್ಯಾಹ್ನ ಅವನೊಬ್ಬನೇ ಗಿಟಾರು ತೆಗೆದುಕೊಂಡು ಬಂದ. ಕೂತ. ಎದ್ದ. ಮತ್ತೆ ಕೂತ.

"ಅತ್ತೆ, ಒಂದ್ ಹಾಡಾಗಿದೆ. ನೀವು ಕೇಳ್ಬೇಕು."

ಮೊದಲ ಮೂರು ಸ್ವರಕ್ಕೇ ನನಗೆ ಗೊತ್ತಾಯಿತು. ನಡುವಿನದು ಮೇಲಕ್ಕೆ, ಕೊನೆಯದು ಮೆಲ್ಲಗೆ ಕೆಳಕ್ಕೆ. ಹಾಡಿನಲ್ಲಿ ನನ್ನ ಹೆಸರಿರಲಿಲ್ಲ. ಆಯುಷ್ಯವೆಲ್ಲ ಮೌನವಾಗಿದ್ದ ದೇವರು ಒಂದು ಬೆಳಿಗ್ಗೆ, ಕೆಲಸದಲ್ಲಿ ಮುಳುಗಿದ ಒಬ್ಬಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವಳು ಎಂತ ಬೇಕು ಎಂದು ಓಡಿ ಬರುತ್ತಾಳೆ. ಅವನಿಗೇನೂ ಬೇಕಿಲ್ಲ. ಕರೆಯುವುದಷ್ಟೇ ಬೇಕು. ನನಗೆ ಸಂಗೀತ ತಿಳಿಯದು. ಆದರೆ ಅವನ ಹಾಡುಗಳಲ್ಲೆಲ್ಲ ಇದೇ ಮೇಲು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವನು ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. "ಯೂಟ್ಯೂಬಿಗೆ ಹಾಕ್ಲಾ, ಬೇಡ್ವಾ?"

"ಬೇಡ," ಎಂದೆ. "ಅದು ನಂದು."

"ಆಯ್ತು ಅತ್ತೆ."

ಗಿಟಾರನ್ನು ಚೀಲಕ್ಕೆ ಹಾಕಿ, ಕಾಫಿ ಕುಡಿದು ಹೊರಟ. ಆ ಹಾಡಿಗಾಗಿ ಅವನು ತಿಂಗಳುಗಟ್ಟಲೆ ಕೂತಿದ್ದ, ಅದನ್ನು ಕೇಳಿದ ಸ್ಟುಡಿಯೋದವರೊಬ್ಬರು ತಾವೇ ಖರ್ಚು ಹಾಕಿ ರೆಕಾರ್ಡು ಮಾಡುತ್ತೇವೆ ಎಂದಿದ್ದರು ಎಂದು ಮಗಳು ಆಮೇಲೆ ಹೇಳಿದಳು. ಅವರಿಗೂ ಅವನು ಇಲ್ಲವೆಂದನಂತೆ. ಕಾರಣ ಹೇಳಲಿಲ್ಲವಂತೆ.

ನಾನು ಅಷ್ಟಕ್ಕೇ ನಂಬುವವಳಲ್ಲ. ಅವನ ಹೊಸ ಹಾಡು ಬಂದಾಗಲೆಲ್ಲ ಫೋನು ಕಿವಿಗಿಟ್ಟು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಎಲ್ಲಾದರೂ ನಡುವೆ, ಗಿಟಾರಿನ ತುಣುಕಿನಲ್ಲಾದರೂ ಆ ಮೂರು ಸ್ವರ ತುರುಕಿದ್ದಾನೆಯೇ ಎಂದು ಹುಡುಕಿದೆ. ಎಲ್ಲೂ ಇರಲಿಲ್ಲ. ಇಲ್ಲವೆಂದು ಖಾತ್ರಿಯಾದ ಮೇಲೂ ಹುಡುಕುತ್ತಿದ್ದೆ. ಒಂದು ದಿನ ಹಾಗೆ ಕೇಳಿ ಮುಗಿಸಿದವಳಿಗೆ ಸಮಾಧಾನದ ಬದಲು ಅಳು ಬಂತು. ಅವನಿಗೆ ಫೋನು ಮಾಡಿದೆ.

"ಆ ಹಾಡು ಮರ್ತ್ಹೋಯ್ತಾ?"

"ಇಲ್ಲ ಅತ್ತೆ."

"ಹಂಗಾದ್ರೆ ಭಾನುವಾರ ಗಿಟಾರ್ ತಗೊಂಡು ಬಾ. ನಂಗೊಬ್ಳಿಗೆ ಹಾಡು."

ಈಗ ಅವನು ಬಂದಾಗಲೆಲ್ಲ, ಊಟವಾದ ಮೇಲೆ, ಮಗಳು ತಾನಾಗಿ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಅವನು ಗಿಟಾರಿನ ಚೀಲ ಬಿಚ್ಚುವ ಮೊದಲು ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಡುತ್ತಾನೆ. ನಾನು ಕೇಳುವುದಿಲ್ಲ, ಅವನೇ ಕೊಡುತ್ತಾನೆ. ಕನ್ನಡಕ ಹಾಕಿಕೊಂಡು, ಅದು ಆಫ್ ಆಗಿದೆಯೇ ಎಂದು ತಿರುಗಿಸಿ ನೋಡಿ, ಮಡಿಲಲ್ಲಿಟ್ಟುಕೊಂಡು, "ಹೂಂ, ಶುರುಮಾಡು" ಎನ್ನುತ್ತೇನೆ.